ಮೂರು ತಿಂಗಳ ಸಕ್ಕರೆ ಲೆಕ್ಕ: ಎಚ್‌ಬಿಎ1ಸಿ ರಿಪೋರ್ಟ್ ಓದುವುದು ಹೇಗೆ?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆರೋಗ್ಯ ವಿಭಾಗದ ಪರವಾಗಿ ನೀಡಿದ ಮಾಹಿತಿಯ ಬರಹ ರೂಪ)



ನಾವು ಸಂಘದ ಸಭೆಗಳಿಗೆ ಹೋದಾಗ ಇತ್ತೀಚೆಗೆ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. "ಮೊನ್ನೆ ಕ್ಯಾಂಪಿನಲ್ಲಿ ಬೆರಳು ಚುಚ್ಚಿ ನೋಡಿದಾಗ ಶುಗರ್ 130 ಇತ್ತು. ಪರವಾಗಿಲ್ಲ ಅಂದ್ರು. ಆಮೇಲೆ ಡಾಕ್ಟ್ರು ಮೂರು ತಿಂಗಳ ಟೆಸ್ಟ್ ಬರೆದುಕೊಟ್ರು. ಅದರಲ್ಲಿ 8.4 ಬಂದಿದೆ, ಶುಗರ್ ಜಾಸ್ತಿ ಅಂತಾರೆ. ಯಾವುದನ್ನು ನಂಬೋದು?" ಇನ್ನು ಕೆಲವರು, "130 ಎಲ್ಲಿ, 8 ಎಲ್ಲಿ? ಎಂಟು ಅಂದ್ರೆ ಕಡಿಮೆ ತಾನೇ?" ಎಂದು ಸಮಾಧಾನ ಮಾಡಿಕೊಂಡು ರಿಪೋರ್ಟನ್ನು ಟ್ರಂಕಿನಲ್ಲಿ ಇಟ್ಟುಬಿಡುತ್ತಾರೆ.

ಎರಡು ರಿಪೋರ್ಟೂ ಸರಿಯೇ. ಆದರೆ ಎರಡೂ ಬೇರೆ ಬೇರೆ ವಿಷಯವನ್ನು ಹೇಳುತ್ತವೆ. ಸಂಘದ ಲೆಕ್ಕಪುಸ್ತಕ ಬರೆಯಲು, ಬ್ಯಾಂಕಿನ ಪಾಸ್‌ಬುಕ್ ಓದಲು ಕಲಿತಿರುವ ನಮಗೆ ಈ ರಿಪೋರ್ಟ್ ಓದುವುದು ಕಷ್ಟವೇನಲ್ಲ. ಇವತ್ತು ಅದನ್ನೇ ಒಟ್ಟಿಗೆ ಕಲಿಯೋಣ.

ನೋವಿಲ್ಲದ ಕಾಯಿಲೆ

ಸಕ್ಕರೆ ಕಾಯಿಲೆ ಪೇಟೆಯವರಿಗೆ, ಕೂತು ತಿನ್ನುವವರಿಗೆ ಬರುವ ಕಾಯಿಲೆ ಎಂದು ಹಿಂದೆ ಹೇಳುತ್ತಿದ್ದರು. ಈಗ ಹಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಎಲ್ಲಾ ರಾಜ್ಯಗಳಲ್ಲಿ ನಡೆಸಿದ ದೊಡ್ಡ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹೊಲದಲ್ಲಿ ಕಳೆ ಕೀಳುವವರು, ತೋಟದ ಕೆಲಸದವರು, ಬೀಡಿ ಕಟ್ಟುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಹೀಗೆ ಎಲ್ಲರಲ್ಲೂ ಈ ಕಾಯಿಲೆ ಕಾಣುತ್ತಿದ್ದೇವೆ.

ಈ ಕಾಯಿಲೆಯ ದೊಡ್ಡ ಮೋಸ ಏನೆಂದರೆ, ಬಹಳ ವರ್ಷ ಅದು ನೋಯುವುದಿಲ್ಲ. ಹಲ್ಲು ನೋವು ಬಂದರೆ ಅದೇ ರಾತ್ರಿ ಎದ್ದು ಕೂರುತ್ತೇವೆ. ಸಕ್ಕರೆ 250 ಇದ್ದರೂ ಅಡುಗೆ ಆಗುತ್ತದೆ, ಕೂಲಿಗೆ ಹೋಗುತ್ತೇವೆ, ಸಭೆಗೂ ಬರುತ್ತೇವೆ. "ನಂಗೇನೂ ಆಗಿಲ್ಲ, ಚೆನ್ನಾಗೇ ಇದ್ದೀನಿ" ಅನ್ನಿಸುತ್ತದೆ. ಅದೇ ಹೊತ್ತಿನಲ್ಲಿ ಒಳಗೆ ಕಣ್ಣಿನ ಹಿಂಭಾಗದ, ಕಿಡ್ನಿಯ, ಪಾದದ ನರಗಳ ಸಣ್ಣ ಸಣ್ಣ ರಕ್ತನಾಳಗಳು ಹಾಳಾಗುತ್ತಾ ಇರುತ್ತವೆ. ಕಣ್ಣು ಮಂಜಾದಾಗ, ಕಾಲಿನ ಗಾಯ ಕೊಳೆತಾಗ ಆಸ್ಪತ್ರೆಗೆ ಓಡುತ್ತೇವೆ. ಆಗ ಸಂಘದಿಂದ ಸಾಲ, ಕೈಸಾಲ, ಒಡವೆ ಅಡವು. ಮಗಳ ಓದಿಗೆ ಅಂತ ಕೂಡಿಟ್ಟದ್ದು ಬೆರಳು ತೆಗೆಯುವ ಆಪರೇಷನ್ನಿಗೆ ಹೋಗುತ್ತದೆ.

ಮೈ ಹೇಳದ ವಿಷಯವನ್ನು ಬೇರೆ ಯಾರಾದರೂ ಹೇಳಬೇಕಲ್ಲ? ಮೂರು ತಿಂಗಳ ಪರೀಕ್ಷೆ ಆ ಕೆಲಸ ಮಾಡುತ್ತದೆ.

ಈ ಪರೀಕ್ಷೆ ಅಳೆಯುವುದು ಏನನ್ನು?

ರಿಪೋರ್ಟಿನಲ್ಲಿ ಇದರ ಹೆಸರು ಎಚ್‌ಬಿಎ1ಸಿ. ಕೆಲವು ಲ್ಯಾಬಿನವರು ಗ್ಲೈಕೇಟೆಡ್ ಹಿಮೋಗ್ಲೋಬಿನ್ ಎಂದು ಬರೆಯುತ್ತಾರೆ. ಎರಡೂ ಒಂದೇ.

ನಮ್ಮ ರಕ್ತದಲ್ಲಿ ಕೆಂಪು ಕಣಗಳಿವೆ. ಆ ಕಣಗಳೊಳಗೆ ಹಿಮೋಗ್ಲೋಬಿನ್ ಎಂಬ ವಸ್ತು ಇದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವುದು, ಉಸಿರಿನ ಆಮ್ಲಜನಕವನ್ನು ಮೈಗೆಲ್ಲಾ ಹೊತ್ತುಕೊಂಡು ಹೋಗುವುದು ಇದೇ. ರಕ್ತದಲ್ಲಿರುವ ಸಕ್ಕರೆ ಸ್ವಲ್ಪ ಸ್ವಲ್ಪವಾಗಿ ಈ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ಬಿಡುವುದಿಲ್ಲ. ಆ ಕಣ ಸಾಯುವ ತನಕ ಅಂಟಿಕೊಂಡೇ ಇರುತ್ತದೆ. ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿನ.

ಜಾಮೂನನ್ನು ನೆನಪು ಮಾಡಿಕೊಳ್ಳಿ. ಪಾಕ ಗಟ್ಟಿಯಾಗಿದ್ದರೆ ಜಾಮೂನಿಗೆ ಸಿಹಿ ಜಾಸ್ತಿ ಹಿಡಿಯುತ್ತದೆ. ಪಾಕ ತೆಳ್ಳಗಿದ್ದರೆ ಕಡಿಮೆ ಹಿಡಿಯುತ್ತದೆ. ಎಷ್ಟು ಹೊತ್ತು ಪಾಕದಲ್ಲಿ ನೆನೆಯಿತು ಅನ್ನುವುದೂ ಮುಖ್ಯ. ನಮ್ಮ ರಕ್ತವೇ ಪಾಕ, ಕೆಂಪು ಕಣಗಳೇ ಜಾಮೂನು. ನೂರು ಪಾಲು ಹಿಮೋಗ್ಲೋಬಿನ್ನಿನಲ್ಲಿ ಎಷ್ಟು ಪಾಲಿಗೆ ಸಕ್ಕರೆ ಅಂಟಿದೆ ಎಂದು ಲ್ಯಾಬಿನಲ್ಲಿ ನೋಡುತ್ತಾರೆ. 7 ಎಂದು ಬಂದರೆ ನೂರರಲ್ಲಿ ಏಳು ಪಾಲಿಗೆ ಅಂಟಿದೆ ಎಂದು ಅರ್ಥ. ಅಂದರೆ ಕಳೆದ ಎರಡು ಮೂರು ತಿಂಗಳು ನಮ್ಮ ರಕ್ತದ ಪಾಕ ಸರಾಸರಿ ಎಷ್ಟು ಸಿಹಿಯಾಗಿತ್ತು ಎಂಬ ಲೆಕ್ಕ ಸಿಕ್ಕಿತು.

ಸಕ್ಕರೆ ಕಾಯಿಲೆ ಇರುವವರ ಹಿಮೋಗ್ಲೋಬಿನ್ನಿನಲ್ಲಿ ಹೀಗೊಂದು ವ್ಯತ್ಯಾಸ ಇದೆ ಎಂದು ಮೊದಲು ಗಮನಿಸಿದವರು ಇರಾನ್ ದೇಶದ ಸ್ಯಾಮ್ಯುಯೆಲ್ ರಹಬರ್ ಎಂಬ ವೈದ್ಯ ವಿಜ್ಞಾನಿ, 1968ರಲ್ಲಿ. ಈಗ ಲೋಕದ ಎಲ್ಲಾ ಕಡೆ ಸಕ್ಕರೆ ಕಾಯಿಲೆಯವರನ್ನು ನೋಡಿಕೊಳ್ಳಲು ಈ ಪರೀಕ್ಷೆಯನ್ನು ಬಳಸುತ್ತಾರೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಯನ್ನು ಪತ್ತೆ ಮಾಡಲು ಸಹ ಇದನ್ನು ಬಳಸಬಹುದು ಎಂದು ಒಪ್ಪಿತು.

ಇದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ತಿಂಡಿ ತಿಂದು, ಕೆಲಸ ಮುಗಿಸಿ, ಮಧ್ಯಾಹ್ನ ಹೋದರೂ ರಕ್ತ ಕೊಡಬಹುದು. ಅದೇ ದಿನ ಖಾಲಿ ಹೊಟ್ಟೆಯ ಪರೀಕ್ಷೆಯನ್ನೂ ಬರೆದಿದ್ದರೆ ಮಾತ್ರ ತಿನ್ನದೆ ಹೋಗಬೇಕು.

ಸಂಖ್ಯೆಗಳ ಅರ್ಥ

ಸಕ್ಕರೆ ಕಾಯಿಲೆ ಇದೆಯೇ ಎಂದು ಮೊದಲ ಸಲ ನೋಡುವವರಿಗೆ:

• 5.7ಕ್ಕಿಂತ ಕಡಿಮೆ: ಸರಿ ಇದೆ.
• 5.7ರಿಂದ 6.4: ಹೊಸ್ತಿಲಲ್ಲಿದ್ದೀರಿ. ಈಗಲೇ ಎಚ್ಚರ ವಹಿಸಿದರೆ ಹಿಂದಕ್ಕೆ ಬರಬಹುದು.
• 6.5 ಮತ್ತು ಹೆಚ್ಚು: ಸಕ್ಕರೆ ಕಾಯಿಲೆ. ತೊಂದರೆಯ ಲಕ್ಷಣ ಏನೂ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ.

ಈಗಾಗಲೇ ಕಾಯಿಲೆ ಇದ್ದು ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಗುರಿ ಬೇರೆ. ಹೆಚ್ಚಿನವರಿಗೆ 7ಕ್ಕಿಂತ ಕೆಳಗೆ ಇದ್ದರೆ ಒಳ್ಳೆಯದು. ತುಂಬಾ ವಯಸ್ಸಾದವರಿಗೆ, ಬೇರೆ ಕಾಯಿಲೆಗಳೂ ಇರುವವರಿಗೆ, ಶುಗರ್ ದಿಢೀರನೆ ಇಳಿದು ತಲೆ ಸುತ್ತಿ ಬೀಳುವವರಿಗೆ ಡಾಕ್ಟರು 8ರ ತನಕವೂ ಇರಲಿ ಎನ್ನಬಹುದು. ಆದ್ದರಿಂದ "ನನ್ನ ಗುರಿ ಎಷ್ಟು?" ಎಂದು ಪ್ರತಿಯೊಬ್ಬರೂ ತಮ್ಮ ಡಾಕ್ಟರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಅತ್ತೆಗೆ ಹೇಳಿದ ಗುರಿ ಸೊಸೆಗೆ ಆಗುವುದಿಲ್ಲ.

130 ಎಲ್ಲಿ, 8 ಎಲ್ಲಿ ಎಂದು ಕೇಳಿದ ಅಕ್ಕನಿಗೆ ಉತ್ತರ ಇಲ್ಲಿದೆ. ಮೂರು ತಿಂಗಳ ಸಂಖ್ಯೆಯನ್ನು ಬೆರಳು ಚುಚ್ಚಿ ನೋಡುವ ಸಂಖ್ಯೆಗೆ ತಿರುಗಿಸಿದರೆ ಸರಾಸರಿ ಹೀಗೆ ಬರುತ್ತದೆ:

• 6 ಅಂದರೆ ಸುಮಾರು 126
• 7 ಅಂದರೆ ಸುಮಾರು 154
• 8 ಅಂದರೆ ಸುಮಾರು 183
• 9 ಅಂದರೆ ಸುಮಾರು 212
• 10 ಅಂದರೆ ಸುಮಾರು 240
• 12 ಅಂದರೆ ಸುಮಾರು 298

ನೋಡಿ, 8 ಅಂದರೆ ಕಡಿಮೆ ಅಲ್ಲ. ಒಂದು ಅಂಕಿ ಏರಿದರೆ ಸರಾಸರಿ ಸಕ್ಕರೆ 28, 29ರಷ್ಟು ಏರಿದೆ ಎಂದು ಲೆಕ್ಕ. ಇಲ್ಲಿ ಚುಕ್ಕಿ ಆದಮೇಲಿನ ಅಂಕಿಗೂ ಬೆಲೆ ಇದೆ. ಆದರೆ 7.1 ಇದ್ದದ್ದು 7.3 ಆಯಿತು ಎಂದು ಹೆದರಬೇಡಿ. ಅಷ್ಟು ಸಣ್ಣ ವ್ಯತ್ಯಾಸ ಪರೀಕ್ಷೆಯಿಂದ ಪರೀಕ್ಷೆಗೆ ಬರುವುದುಂಟು. ಸಾಧ್ಯವಾದಷ್ಟು ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿದರೆ ಹೋಲಿಸಿ ನೋಡಲು ಸುಲಭ.

ಆಡಿಟ್ ದಿನ ಪೆಟ್ಟಿಗೆ ತುಂಬಿಸಿದರೆ ಆಯಿತೇ?

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆರಳು ಚುಚ್ಚಿ ನೋಡುವುದು ಸಂಘದ ಪೆಟ್ಟಿಗೆ ತೆರೆದು ಇವತ್ತಿನ ನಗದು ಎಣಿಸಿದ ಹಾಗೆ. ಮೂರು ತಿಂಗಳ ಪರೀಕ್ಷೆ ಲೆಕ್ಕಪುಸ್ತಕ ಓದಿದ ಹಾಗೆ. ಆಡಿಟ್ ದಿನ ಯಾರಿಂದಲೋ ಕೈಗಡ ತಂದು ಪೆಟ್ಟಿಗೆ ತುಂಬಿಸಬಹುದು. ಆದರೆ ಮೂರು ತಿಂಗಳು ಕಂತು ಕಟ್ಟದೆ ಇದ್ದದ್ದು ಪುಸ್ತಕದಲ್ಲಿ ಕಾಣದೆ ಹೋಗುತ್ತದೆಯೇ?

ಇಬ್ಬರು ಸದಸ್ಯೆಯರು ಇದ್ದಾರೆ ಅಂದುಕೊಳ್ಳಿ. ಮೊದಲನೆಯವರು ನಾಳೆ ಟೆಸ್ಟ್ ಎಂದು ಎರಡು ದಿನ ಅನ್ನ ಬಿಟ್ಟರು. ಹಾಗಲಕಾಯಿ ರಸ ಕುಡಿದರು. ಬಹಳ ದಿನದಿಂದ ಬಿಟ್ಟಿದ್ದ ಮಾತ್ರೆಯನ್ನು ಆ ಎರಡು ದಿನ ತಪ್ಪದೆ ನುಂಗಿದರು. ಖಾಲಿ ಹೊಟ್ಟೆಯ ಶುಗರ್ 118 ಬಂತು. ಸಂತೋಷ ಆಯಿತು. ಮೂರು ತಿಂಗಳದ್ದು ಮಾತ್ರ 9 ಬಂತು. ಎರಡನೆಯವರು ದಿನಾ ಮಾತ್ರೆ ತೆಗೆದುಕೊಳ್ಳುವವರು, ಊಟದಲ್ಲಿ ಹಿತಮಿತ. ಆದರೆ ಟೆಸ್ಟಿನ ಹಿಂದಿನ ವಾರ ತಮ್ಮನ ಮದುವೆ. ಹೋಳಿಗೆ, ಪಾಯಸ, ನಿದ್ದೆಗೆಟ್ಟ ರಾತ್ರಿಗಳು. ಖಾಲಿ ಹೊಟ್ಟೆಯ ಶುಗರ್ 165. ಮೂರು ತಿಂಗಳದ್ದು 6.9.

ಬರೀ ಬೆಳಗಿನ ಶುಗರ್ ನೋಡಿದರೆ ಮೊದಲನೆಯವರು ಜಾಣೆ, ಎರಡನೆಯವರು ತಪ್ಪಿತಸ್ಥೆ. ಪುಸ್ತಕ ನೋಡಿದರೆ ಲೆಕ್ಕ ತಿರುಗಿತು. ಮೊದಲನೆಯವರ ಮೈಯಲ್ಲಿ ಮೂರು ತಿಂಗಳು ಸರಾಸರಿ 212ರ ಸಕ್ಕರೆ ಓಡಾಡಿದೆ. ಕಣ್ಣು, ಕಿಡ್ನಿಗೆ ಪೆಟ್ಟು ಬೀಳುವುದು ಅದರಿಂದ. ಡಾಕ್ಟರು 118 ಮಾತ್ರ ನೋಡಿ "ಇದೇ ಮಾತ್ರೆ ಸಾಕು" ಎಂದು ಕಳಿಸಿದರೆ ನಷ್ಟ ಯಾರಿಗೆ? ಡಾಕ್ಟರಿಗಲ್ಲ, ಆ ಅಕ್ಕನಿಗೇ.

ಯಾವ ಮೋಸವೂ ಇಲ್ಲದೆ ಬೆಳಗಿನ ಶುಗರ್ ಸರಿ ಇದ್ದು ಮೂರು ತಿಂಗಳದ್ದು ಹೆಚ್ಚಿರುವವರೂ ಇದ್ದಾರೆ. ಅಂಥವರಿಗೆ ಸಾಮಾನ್ಯವಾಗಿ ಊಟ ಆದಮೇಲೆ ಸಕ್ಕರೆ ಏರುತ್ತಿರುತ್ತದೆ. ಊಟ ಮಾಡಿ ಎರಡು ಗಂಟೆ ಆದಮೇಲೆ ಒಂದು ಸಲ ನೋಡಿಸಿದರೆ ಗೊತ್ತಾಗುತ್ತದೆ.

ಇನ್ನೊಂದು ಮಾತು. ಹೊಸ ಮಾತ್ರೆ ಶುರು ಮಾಡಿ ಹದಿನೈದು ದಿನಕ್ಕೆ ಈ ಪರೀಕ್ಷೆ ಮಾಡಿಸಿ "ಇಳಿದೇ ಇಲ್ಲ" ಎಂದು ಬೇಸರ ಪಡಬೇಡಿ. ಈ ಸಂಖ್ಯೆಯಲ್ಲಿ ಸುಮಾರು ಅರ್ಧ ಪಾಲು ಕಳೆದ ಒಂದು ತಿಂಗಳದ್ದು, ಉಳಿದದ್ದು ಅದಕ್ಕೂ ಹಿಂದಿನದು. ಹಳೆಯ ಕಣಗಳು ಹೋಗಿ ಹೊಸವು ಬರಲು ಸಮಯ ಬೇಕು. ಮೂರು ತಿಂಗಳು ಬಿಟ್ಟು ನೋಡಿ. ಸಂಖ್ಯೆ ಗುರಿಯಲ್ಲಿ ನಿಂತವರಿಗೆ ವರ್ಷಕ್ಕೆ ಎರಡು ಸಲ ಸಾಕು. ನಿಲ್ಲದವರಿಗೆ, ಮಾತ್ರೆ ಬದಲಾದವರಿಗೆ ಮೂರು ತಿಂಗಳಿಗೊಮ್ಮೆ ಬೇಕು.

ಎಚ್‌ಬಿ ಬೇರೆ, ಎಚ್‌ಬಿಎ1ಸಿ ಬೇರೆ

ಹೆಂಗಸರಾದ ನಾವು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಗರ್ಭಿಣಿಯಾಗಿದ್ದಾಗಿನಿಂದಲೂ "ಎಚ್‌ಬಿ ಎಷ್ಟಿದೆ?" ಎಂಬ ಮಾತು ಕೇಳಿದ್ದೇವೆ. ಎಚ್‌ಬಿ ಅಂದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ ಎಂಬ ಲೆಕ್ಕ. ಗರ್ಭಿಣಿಯಲ್ಲದ ಹೆಂಗಸಿಗೆ ಅದು 12 ಅಥವಾ ಹೆಚ್ಚಿರಬೇಕು. ಕಡಿಮೆ ಇದ್ದರೆ ರಕ್ತಹೀನತೆ. ಎಚ್‌ಬಿಎ1ಸಿ ಅಂದರೆ ಆ ಹಿಮೋಗ್ಲೋಬಿನ್ನಿಗೆ ಸಕ್ಕರೆ ಎಷ್ಟು ಅಂಟಿದೆ ಎಂಬ ಲೆಕ್ಕ. ಹೆಸರು ಒಂದೇ ಥರ ಇರುವುದರಿಂದ ಎಷ್ಟೋ ಜನ "ನಂಗೆ 9 ಇದೆ, ರಕ್ತ ಕಡಿಮೆ, ಟಾನಿಕ್ ಕುಡಿದ್ರೆ ಸರಿಹೋಗುತ್ತೆ" ಅಂದುಕೊಳ್ಳುತ್ತಾರೆ. ಟಾನಿಕ್ಕಿನಲ್ಲಿ ಸಕ್ಕರೆ ಬೇರೆ ಇರುತ್ತದೆ! ಹೀಗೆ ನೆನಪಿಟ್ಟುಕೊಳ್ಳಿ: ಎಚ್‌ಬಿ ಕಡಿಮೆ ಇದ್ದರೆ ಏರಬೇಕು, ಎಚ್‌ಬಿಎ1ಸಿ ಹೆಚ್ಚಿದ್ದರೆ ಇಳಿಯಬೇಕು.

ಎರಡೂ ಬೇರೆ, ಆದರೆ ಒಂದಕ್ಕೊಂದು ಸಂಬಂಧ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ನಮ್ಮ ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ಇದೆ. ಅಂದರೆ ಈ ಸಭೆಯಲ್ಲಿ ಕುಳಿತಿರುವವರಲ್ಲೂ ಬಹಳ ಜನರಿಗೆ ಇರಬಹುದು. ರಕ್ತಹೀನತೆ ಇದ್ದರೆ ಮೂರು ತಿಂಗಳ ಸಂಖ್ಯೆ ದಾರಿ ತಪ್ಪಿಸಬಹುದು.

ಹೇಗೆ ಎಂದರೆ, ಕಬ್ಬಿಣದ ಅಂಶ ಕಡಿಮೆಯಾದಾಗ ಹೊಸ ಕಣಗಳು ಕಡಿಮೆ ಹುಟ್ಟುತ್ತವೆ, ಹಳೆಯ ಕಣಗಳ ಪಾಲು ಹೆಚ್ಚಾಗುತ್ತದೆ. ಹಳೆಯ ಜಾಮೂನು ಪಾಕದಲ್ಲಿ ಹೆಚ್ಚು ಹೊತ್ತು ನೆನೆದಿರುತ್ತದೆ ಅಲ್ಲವೇ? ಆದ್ದರಿಂದ ಸಕ್ಕರೆ ಅಷ್ಟು ಇಲ್ಲದಿದ್ದರೂ ಸಂಖ್ಯೆ ಸ್ವಲ್ಪ ಹೆಚ್ಚು ಬರಬಹುದು. ಹೊಸ್ತಿಲಲ್ಲಿ ಇಲ್ಲದವರನ್ನು ಹೊಸ್ತಿಲಿಗೆ ತಂದು ನಿಲ್ಲಿಸಬಹುದು. ಕಬ್ಬಿಣದ ಮಾತ್ರೆ ತೆಗೆದುಕೊಂಡು ರಕ್ತ ಸುಧಾರಿಸಿದ ಮೇಲೆ ಅದು ಇಳಿಯುವುದುಂಟು. ಇದಕ್ಕೆ ತಿರುಗಾ ಮುರುಗಾ ಕೂಡ ಆಗುತ್ತದೆ. ಇತ್ತೀಚೆಗೆ ತುಂಬಾ ರಕ್ತ ಹೋಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ, ಕೆಂಪು ಕಣಗಳು ಬೇಗ ಒಡೆಯುವ ಕಾಯಿಲೆ ಇದ್ದರೆ ಕಣಗಳಿಗೆ ನೆನೆಯಲು ಸಮಯವೇ ಸಿಗುವುದಿಲ್ಲ. ಆಗ ಸಕ್ಕರೆ ಹೆಚ್ಚಿದ್ದರೂ ಸಂಖ್ಯೆ ಕಡಿಮೆ ತೋರಿಸುತ್ತದೆ. ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ, ತಲಸ್ಸೇಮಿಯಾ, ಕಿಡ್ನಿ ತೊಂದರೆ ಇರುವವರಲ್ಲೂ ಈ ಸಂಖ್ಯೆಯನ್ನು ಮಾತ್ರ ನಂಬುವ ಹಾಗಿಲ್ಲ.

ಇದರ ಅರ್ಥ ಪರೀಕ್ಷೆ ಸುಳ್ಳು ಎಂದಲ್ಲ. "ನಂಗೆ ರಕ್ತ ಕಡಿಮೆ, ಅದಕ್ಕೇ 10 ಬಂದಿರೋದು" ಎಂದು ಹೇಳಿ ಮಾತ್ರೆ ಬಿಡುವ ಹಾಗೂ ಇಲ್ಲ. ರಕ್ತಹೀನತೆಯೊಂದರಿಂದಲೇ ಸಂಖ್ಯೆ 6ರಿಂದ 10ಕ್ಕೆ ಹಾರುವುದು ಅಪರೂಪ. ನಾವು ಮಾಡಬೇಕಾದದ್ದು ಇಷ್ಟು: ಮೂರು ತಿಂಗಳ ಪರೀಕ್ಷೆಯ ಜೊತೆಗೆ ಎಚ್‌ಬಿಯನ್ನೂ ನೋಡಿಸುವುದು. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ, ಕಬ್ಬಿಣದ ಮಾತ್ರೆ ನಡೆಯುತ್ತಿದ್ದರೆ, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಡಾಕ್ಟರಿಗೆ ಹೇಳುವುದು. ಗಂಡು ಡಾಕ್ಟರು ಎಂದು ನಾಚಿಕೊಂಡು ಮುಟ್ಟಿನ ವಿಷಯ ಮುಚ್ಚಿಟ್ಟರೆ ಅವರಿಗೆ ಲೆಕ್ಕ ಸಿಗುವುದಿಲ್ಲ. ಆಗ ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಶುಗರನ್ನೂ ಸೇರಿಸಿ ನೋಡಿ ಅವರು ತೀರ್ಮಾನ ಮಾಡುತ್ತಾರೆ.

ಗರ್ಭಿಣಿಯರ ವಿಷಯ ಇನ್ನೂ ಬೇರೆ. ಬಸಿರಿನಲ್ಲಿ ರಕ್ತಕಣಗಳು ಬೇಗ ಬೇಗ ಬದಲಾಗುವುದರಿಂದ ಈ ಪರೀಕ್ಷೆಯೊಂದನ್ನೇ ನಂಬುವುದಿಲ್ಲ. 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆ ಆದಮೇಲೆ ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಗರ್ಭಿಣಿ ಸಕ್ಕರೆ ಕಾಯಿಲೆ. ಹೆರಿಗೆ ಆದಮೇಲೆ ಅದು ಹೋಗಬಹುದು, ಆದರೆ ಮುಂದೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಹಿಂದಿನ ಬಸಿರಿನಲ್ಲಿ ಶುಗರ್ ಬಂದಿದ್ದವರು ಮಗು ದೊಡ್ಡದಾಯಿತು ಎಂದು ಮರೆತು ಕೂರಬಾರದು, ಆಗಾಗ ಪರೀಕ್ಷೆ ಮಾಡಿಸಬೇಕು.

ಸರಾಸರಿ ಹೇಳದ ಒಂದು ವಿಷಯ

ಸರಾಸರಿ ಅಂದಮೇಲೆ ಏರಿಳಿತ ಅದರಲ್ಲಿ ಅಡಗಿಹೋಗುತ್ತದೆ. ಒಬ್ಬರಿಗೆ ದಿನವಿಡೀ 150ರ ಹತ್ತಿರವೇ ಇದೆ. ಇನ್ನೊಬ್ಬರಿಗೆ ಮಧ್ಯಾಹ್ನ 240, ರಾತ್ರಿ 60. ಇಬ್ಬರ ಮೂರು ತಿಂಗಳ ಸಂಖ್ಯೆಯೂ 7ರ ಹತ್ತಿರ ಬರಬಹುದು. ಎರಡನೆಯವರು ಅಪಾಯದಲ್ಲಿದ್ದಾರೆ. ಶುಗರ್ 70ಕ್ಕಿಂತ ಇಳಿದರೆ ಬೆವರು, ಕೈ ನಡುಕ, ಎದೆ ಡವಡವ, ಕಣ್ಣು ಕತ್ತಲೆ ಬರುತ್ತದೆ. ಹಾಗಾದಾಗ ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಆಮೇಲೆ ಏನಾದರೂ ತಿನ್ನಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಸಾಗಿಸಿ. ಸಂಖ್ಯೆ ಚೆನ್ನಾಗಿದೆ ಎಂದು ಈ ತೊಂದರೆಯನ್ನು ಡಾಕ್ಟರಿಗೆ ಹೇಳದೆ ಇರಬೇಡಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಉಪವಾಸ, ವ್ರತ ಮಾಡುವ ಮುಂಚೆಯೂ ಅವರನ್ನು ಕೇಳಿ.

ಸಂಖ್ಯೆ ಹೆಚ್ಚು ಬಂದರೆ ಏನು ಮಾಡೋಣ?

ಮೊದಲನೆಯದು, ಹೆದರಿ ಬಚ್ಚಿಡುವುದು ಬೇಡ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ ಸುಮಾರು ಇಪ್ಪತ್ತು ವರ್ಷ ನಡೆದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಭಾಗವಹಿಸಿದವರ ಲೆಕ್ಕ ಹಾಕಿ 2000ದಲ್ಲಿ ಪ್ರಕಟಿಸಿದ ವರದಿ ಒಂದು ಧೈರ್ಯದ ಮಾತು ಹೇಳುತ್ತದೆ. ಈ ಸಂಖ್ಯೆ ಒಂದು ಅಂಕಿ ಕಡಿಮೆ ಇದ್ದವರಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ನೂರಕ್ಕೆ 37ರಷ್ಟು ಕಡಿಮೆ ಇತ್ತು. ಆದ್ದರಿಂದ 10 ಇದ್ದದ್ದು 9ಕ್ಕೆ ಬಂದರೆ "ಇನ್ನೂ 7 ಆಗಿಲ್ಲವಲ್ಲ" ಎಂದು ಕೊರಗಬೇಡಿ. ಒಂದು ಮೆಟ್ಟಿಲು ಇಳಿದದ್ದೂ ಲಾಭವೇ. ಅಲ್ಲಿಗೆ ನಿಲ್ಲಬೇಡಿ, ಅಷ್ಟೇ.

ಎರಡನೆಯದು, ಮಾತ್ರೆ. ಸಂಖ್ಯೆ ಇಳಿಯಿತು ಎಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಹೆಚ್ಚಿನವರಲ್ಲಿ ಇಳಿದಿರುವುದೇ ಆ ಮಾತ್ರೆಯಿಂದ. ಸೌದೆ ಹಿಂದಕ್ಕೆ ಎಳೆದಾಗ ಹಾಲು ಉಕ್ಕುವುದು ನಿಂತಿತು ಎಂದು ಮತ್ತೆ ಸೌದೆ ಒಟ್ಟುತ್ತೇವೆಯೇ? ನೆರೆಮನೆಯವರ ಮಾತ್ರೆಯನ್ನು ಕೇಳಿ ನುಂಗುವುದೂ ಬೇಡ. ದುಡ್ಡಿನ ಕಷ್ಟ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ, ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಶುಗರಿನ ಸಾಮಾನ್ಯ ಮಾತ್ರೆಗಳು ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ಮೂರನೆಯದು, ಊಟ. ಮುದ್ದೆಯಿಂದ ಶುಗರ್ ಬರುವುದಿಲ್ಲ, ಎಷ್ಟು ಬೇಕಾದರೂ ಉಣ್ಣಬಹುದು ಎಂಬ ಮಾತಿದೆ. ರಾಗಿಯಲ್ಲಿ ನಾರಿನಂಶ ಇದೆ, ಒಳ್ಳೆಯದೇ. ಆದರೆ ದೊಡ್ಡ ಮುದ್ದೆ ಎರಡು ಉಂಡರೆ ಅದೂ ಸಕ್ಕರೆಯಾಗಿಯೇ ರಕ್ತಕ್ಕೆ ಬರುತ್ತದೆ. ಚಹಾಕ್ಕೆ ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೂ ರಕ್ತಕ್ಕೆ ಎರಡೂ ಸಿಹಿಯೇ. ತಟ್ಟೆಯಲ್ಲಿ ಅರ್ಧ ಭಾಗ ಸೊಪ್ಪು ತರಕಾರಿ, ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಮಾತ್ರ ಅನ್ನ ಅಥವಾ ಮುದ್ದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ಅನ್ನಕ್ಕೆ ತಿಳಿಸಾರು ಕಲಸಿ ಉಣ್ಣುವುದು ನಮ್ಮ ಹೆಂಗಸರ ಅಭ್ಯಾಸ. ಪಲ್ಯ, ಕಾಳು ಮುಗಿದಿರುತ್ತದೆ, ಅನ್ನ ಮಾತ್ರ ಇರುತ್ತದೆ. ಶುಗರ್ ಏರುವುದು ಅಲ್ಲೇ. ನಿಮ್ಮ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಡಿ. ಇದು ಸ್ವಾರ್ಥ ಅಲ್ಲ, ಇದೂ ಚಿಕಿತ್ಸೆಯೇ.

ನಾಲ್ಕನೆಯದು, ದಿನಾ ಅರ್ಧ ಗಂಟೆ ಬಿರುಸಿನ ನಡಿಗೆ. "ಮನೆಗೆಲಸವೇ ಸಾಕಾಗಿದೆ" ಅನ್ನುತ್ತೀರಿ, ನಮಗೆ ಗೊತ್ತು. ಆದರೆ ಬೀಡಿ ಕಟ್ಟುವುದು, ಹೊಲಿಗೆ, ಅಡುಗೆ ಇವೆಲ್ಲಾ ಕೂತು ಅಥವಾ ನಿಂತು ಮಾಡುವ ಕೆಲಸ. ನಾಲ್ಕು ಜನ ಸೇರಿ ಹೊರಟರೆ ನಡಿಗೆಯೂ ಆಗುತ್ತದೆ, ಮನಸ್ಸೂ ಹಗುರಾಗುತ್ತದೆ.

ಐದನೆಯದು, ಸಂಖ್ಯೆ ಏನೇ ಇರಲಿ, ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಒಳಭಾಗ, ಕಿಡ್ನಿಗಾಗಿ ಮೂತ್ರ ಮತ್ತು ರಕ್ತ, ಜೊತೆಗೆ ಪಾದಗಳನ್ನು ಪರೀಕ್ಷೆ ಮಾಡಿಸಬೇಕು. ಪಾದವನ್ನು ದಿನಾ ರಾತ್ರಿ ಮಲಗುವ ಮುಂಚೆ ನೀವೇ ನೋಡಿಕೊಳ್ಳಬಹುದು.

ಸಂಘ ಏನು ಮಾಡಬಹುದು?

ನಮ್ಮ ಮನೆಗಳಲ್ಲಿ ಗಂಡನ ಟೆಸ್ಟಿಗೆ ದುಡ್ಡು ಹೊಂದಿಸುತ್ತೇವೆ, ನಮ್ಮದನ್ನು "ಮುಂದಿನ ತಿಂಗಳು ನೋಡೋಣ" ಎಂದು ಮುಂದಕ್ಕೆ ಹಾಕುತ್ತೇವೆ. ಆ ಮುಂದಿನ ತಿಂಗಳು ಬರುವುದೇ ಇಲ್ಲ. ಖಾಸಗಿ ಲ್ಯಾಬಿನಲ್ಲಿ ಈ ಪರೀಕ್ಷೆಗೆ ಕೆಲವು ನೂರು ರೂಪಾಯಿ ಆಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ನೋಡುತ್ತಾರೆ. ಮೂರು ತಿಂಗಳ ಪರೀಕ್ಷೆ ಎಲ್ಲಿ ಸಿಗುತ್ತದೆ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಶುಗರ್ ತಪಾಸಣೆ ಮಾಡುವುದು ಸರ್ಕಾರದ ಕಾರ್ಯಕ್ರಮವೇ ಆಗಿದೆ. ಅದಕ್ಕೆ ಯಾರ ಶಿಫಾರಸೂ ಬೇಕಾಗಿಲ್ಲ. ಮೈ ಬಾಡುವುದು, ಮೇಲಿಂದ ಮೇಲೆ ಮೂತ್ರ, ಒಣಗದ ಗಾಯ, ಗುಪ್ತಾಂಗದಲ್ಲಿ ಪದೇ ಪದೇ ತುರಿಕೆ, ಇಂಥದ್ದು ಇದ್ದರೆ 30 ವರ್ಷ ಆಗಲಿ ಎಂದು ಕಾಯಬೇಡಿ.

ಸಂಘದಲ್ಲಿ ಈ ನಾಲ್ಕು ಕೆಲಸಗಳನ್ನು ಮಾಡಬಹುದು ಎಂದು ನಮಗೆ ಅನ್ನಿಸುತ್ತದೆ.

1. ಪ್ರತಿ ಸದಸ್ಯೆ ತನ್ನ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಇಡುವುದು. ಉಳಿತಾಯದ ಪಾಸ್‌ಬುಕ್ ಇಟ್ಟ ಜಾಗದಲ್ಲೇ ಇದೂ ಇರಲಿ. ಡಾಕ್ಟರಿಗೆ ಒಂದು ಸಂಖ್ಯೆಗಿಂತ ನಾಲ್ಕು ಸಂಖ್ಯೆ ಸಾಲಾಗಿ ಕಂಡರೆ ದಾರಿ ಗೊತ್ತಾಗುತ್ತದೆ.

2. ಪರೀಕ್ಷೆಗೆ ಒಬ್ಬರೇ ಹೋಗಲು ಹಿಂಜರಿಯುವವರ ಜೊತೆ ಇನ್ನೊಬ್ಬ ಸದಸ್ಯೆ ಹೋಗುವುದು. ಓದಲು ಬಾರದವರಿಗೆ ರಿಪೋರ್ಟ್ ಓದಿ ಹೇಳುವುದು.

3. ಆರೋಗ್ಯ ಪರೀಕ್ಷೆಗೆ ಸಣ್ಣ ಆಂತರಿಕ ಸಾಲ ಕೊಡುವ ಬಗ್ಗೆ ಸಭೆಯಲ್ಲಿ ತೀರ್ಮಾನ ಮಾಡುವುದು. ಆಪರೇಷನ್ನಿಗೆ ಕೊಡುವ ದೊಡ್ಡ ಸಾಲಕ್ಕಿಂತ ಇದು ಹಗುರ.

4. ಯಾರ ಸಂಖ್ಯೆಯನ್ನೂ ಅವರ ಒಪ್ಪಿಗೆ ಇಲ್ಲದೆ ಸಭೆಯಲ್ಲಿ ಹೇಳದಿರುವುದು. ಸಾಲ ಬಾಕಿಯ ಪಟ್ಟಿ ಓದಿದ ಹಾಗೆ ಶುಗರ್ ಪಟ್ಟಿ ಓದಬಾರದು. ಮದುವೆಗೆ ಬಂದ ಹುಡುಗಿಗೆ, ಹೊಸದಾಗಿ ಬಂದ ಸೊಸೆಗೆ ಒಂದು ಮಾತಿನಿಂದ ತೊಂದರೆ ಆಗಬಹುದು. ಬೈಸಿಕೊಳ್ಳುವ ಭಯ ಇದ್ದರೆ ಜನ ಮತ್ತೆ ಎರಡು ದಿನ ಅನ್ನ ಬಿಟ್ಟು ಟೆಸ್ಟಿಗೆ ಹೋಗಲು ಶುರು ಮಾಡುತ್ತಾರೆ.

ಅಕ್ಕತಂಗಿಯರೇ, ಎಚ್‌ಬಿಎ1ಸಿ ನಮಗೆ ಮಾರ್ಕ್ಸ್ ಕೊಡುವ ಪರೀಕ್ಷೆ ಅಲ್ಲ, ಪಾಸು ಫೇಲು ಅದರಲ್ಲಿ ಇಲ್ಲ. ನಾವು ಕಾಣದೆ ಇದ್ದ ಮೂರು ತಿಂಗಳನ್ನು ಅದು ಎದುರಿಗೆ ಇಡುತ್ತದೆ. ಸಂಘದ ಪುಸ್ತಕದಲ್ಲಿ ನೂರು ರೂಪಾಯಿ ವ್ಯತ್ಯಾಸ ಬಂದರೆ ಕೂತು ಹುಡುಕುವವರು ನಾವು. ನಮ್ಮ ಮೈಯ ಲೆಕ್ಕವನ್ನೂ ಅಷ್ಟೇ ನಿಗಾ ಇಟ್ಟು ನೋಡೋಣ. ಟ್ರಂಕಿನಲ್ಲಿಟ್ಟ ರಿಪೋರ್ಟನ್ನು ಈ ವಾರವೇ ಹೊರಗೆ ತೆಗೆಯಿರಿ. ತಾರೀಖು ನೋಡಿ. ಆರು ತಿಂಗಳು ದಾಟಿದ್ದರೆ ಇನ್ನೊಮ್ಮೆ ಮಾಡಿಸುವ ಸಮಯ ಬಂದಿದೆ.



ಸಂಘದ ಸಭೆಯಲ್ಲಿ ಚರ್ಚೆಗೆ:

• ನಮ್ಮಲ್ಲಿ ಎಷ್ಟು ಜನ ಒಂದು ಸಲವೂ ಶುಗರ್ ಪರೀಕ್ಷೆ ಮಾಡಿಸಿಲ್ಲ? ಯಾಕೆ?
• ಎಚ್‌ಬಿಗೂ ಎಚ್‌ಬಿಎ1ಸಿಗೂ ಇರುವ ವ್ಯತ್ಯಾಸವನ್ನು ಒಬ್ಬೊಬ್ಬರೂ ತಮ್ಮ ಮಾತಿನಲ್ಲಿ ಹೇಳಿ.
• ಬೆಳಗಿನ ಶುಗರ್ ಸರಿ ಇದ್ದು ಮೂರು ತಿಂಗಳದ್ದು ಹೆಚ್ಚಿದ್ದರೆ ಏನೇನು ಕಾರಣ ಇರಬಹುದು?
• ಪರೀಕ್ಷೆಗೆ ಸಣ್ಣ ಸಾಲ ಕೊಡಲು ನಮ್ಮ ಸಂಘ ಯಾವ ನಿಯಮ ಮಾಡಿಕೊಳ್ಳಬಹುದು?